ತುಂಬಿದ ಮನೆಯ ದಿಗಿಲು: ಚಳಿಗಾಲದಲ್ಲಿ ಮನೆ ಕಾಯುವ ಆಚರಣೆಗಳು

(ಡಿಸೆಂಬರಿನ ಒಂದು ಭಾನುವಾರ ಸಂಜೆ ಊರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕರಪತ್ರದಲ್ಲಿ ವಿಷಯವನ್ನು 'ಚಳಿಗಾಲದ ಮಾಟ ಮಂತ್ರ' ಅಂತ ಅಚ್ಚು ಹಾಕಿಸಿದ್ದಾರೆ. ಅದಕ್ಕೇ ಇರಬೇಕು, ಇವತ್ತು ಕುರ್ಚಿ ಸಾಲದೆ ಬಾಗಿಲಲ್ಲೂ ಜನ ನಿಂತಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ಮಾಟ ಮಾಡಿಸೋದು ಹೇಗೆ ಅಂತ ತಿಳಿಯೋಕೆ ಬಂದವರಿಗೆ ನಿರಾಸೆ ಆಗುತ್ತದೆ. ಇನ್ನೊಬ್ಬರಿಗೆ ಕೆಡುಕು ಮಾಡಿಸುವುದು ಬೇರೆ, ನಮ್ಮ ಮನೆಗೆ ಕೆಡುಕು ತಟ್ಟದಿರಲಿ ಅಂತ ಬಾಗಿಲಿಗೆ ಏನಾದರೂ ಕಟ್ಟುವುದು ಬೇರೆ. ನಾನು ಮಾತಾಡುವುದು ಎರಡನೆಯದರ ಬಗ್ಗೆ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ದೀಪಾವಳಿಗೆ ಹೊಸ್ತಿಲಲ್ಲಿ ಸಗಣಿ ಕೆರಕ, ಅಂದರೆ ಹೂ ಸಿಗಿಸಿದ ಸಗಣಿ ಉಂಡೆ, ಇಡುತ್ತೇವೆ. ಧನುರ್ಮಾಸದಲ್ಲಿ ರಂಗೋಲಿ ನಡುವೆ ಸಗಣಿ ಉಂಡೆ ಇಟ್ಟು ಕುಂಬಳದ ಹೂ ಸಿಗಿಸುತ್ತೇವೆ. ಎಳ್ಳಮಾವಾಸ್ಯೆಗೆ ಹೊಲದ ಸುತ್ತ ಚರಗ, ಅಂದರೆ ಎಡೆಯ ಅನ್ನ, ಚೆಲ್ಲುತ್ತೇವೆ. ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುತ್ತೇವೆ, ಮಕ್ಕಳ ತಲೆ ಮೇಲೆ ಎಲಚಿ ಹಣ್ಣು ಸುರಿಯುತ್ತೇವೆ. ಕಾರ್ತಿಕದಿಂದ ಮಾಘದವರೆಗೆ ಇಷ್ಟೊಂದು ಕಾವಲು ಯಾಕೆ? ಚಳಿಗಾಲದಲ್ಲಿ ನಮಗೆ ಯಾವುದರ ದಿಗಿಲು?

ಎಲ್ಲರೂ ಕೊಡುವ ಉತ್ತರ ಒಂದೇ. ಚಳಿಗಾಲ ಅಂದರೆ ಕತ್ತಲೆ, ಉದ್ದ ರಾತ್ರಿ, ಹೊರಗೆ ದೆವ್ವ ಭೂತ. ಈ ಉತ್ತರ ಯುರೋಪಿನಲ್ಲಿ ಚೆನ್ನಾಗಿ ಹೊಂದುತ್ತದೆ. ಆಲ್ಪ್ಸ್ ಬೆಟ್ಟಗಳ ಹಳ್ಳಿಗಳಲ್ಲಿ ಕ್ರಿಸ್ಮಸ್‌ನಿಂದ ಜನವರಿ 6ರವರೆಗಿನ ರಾತ್ರಿಗಳಲ್ಲಿ ಕೆಂಡದ ಬಾಂಡಲಿಗೆ ಧೂಪ, ಒಣಗಿದ ಗಿಡಮೂಲಿಕೆ ಹಾಕಿ ಮನೆ, ಕೊಟ್ಟಿಗೆ ಎಲ್ಲ ಸುತ್ತಿಸುತ್ತಾರೆ. ಆ ಸೊಪ್ಪನ್ನು ಆಗಸ್ಟ್ 15ರ ಮೇರಿ ಹಬ್ಬಕ್ಕೇ ಕಟ್ಟಿ, ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ, ಅಟ್ಟದಲ್ಲಿ ಒಣಗಿಸಿ ಇಟ್ಟಿರುತ್ತಾರೆ. ಆ ದಿನಗಳಲ್ಲಿ ಒಗೆದ ಬಟ್ಟೆ ಹೊರಗೆ ಹರವಬಾರದು, ರಾತ್ರಿ ಆಕಾಶದಲ್ಲಿ ಹೋಗುವ ಪ್ರೇತಗಳ ದಂಡು ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ ಅನ್ನುವ ನಂಬಿಕೆಯೂ ಇದೆ. ಜರ್ಮನಿಯಲ್ಲಿರುವ ನಮ್ಮ ಹುಡುಗರು ಜನವರಿಯಲ್ಲಿ ಪಕ್ಕದ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಇಸವಿಯನ್ನೂ ಸಿ, ಎಂ, ಬಿ ಅಕ್ಷರಗಳನ್ನೂ ಬರೆದಿರುವುದನ್ನು ನೋಡಿರುತ್ತಾರೆ. ಕ್ರಿಸ್ತ ಈ ಮನೆಯನ್ನು ಹರಸಲಿ ಅನ್ನುವ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಅಂತ ಅದಕ್ಕೆ ಅರ್ಥ ಹೇಳುತ್ತಾರೆ. ಮಕ್ಕಳು ಮೂವರು ರಾಜರ ವೇಷ ಹಾಕಿಕೊಂಡು ಮನೆಮನೆಗೆ ಬಂದು ಬರೆದು ಹೋಗುತ್ತಾರೆ.

ಅಲ್ಲಿ ಕತ್ತಲೆ ನಿಜವಾದ ಸಂಗತಿ. ಮ್ಯೂನಿಕ್‌ನಲ್ಲಿ ಡಿಸೆಂಬರಿನ ಗಿಡ್ಡ ಹಗಲು ಎಂಟು ಗಂಟೆಯ ಆಸುಪಾಸು, ಜೂನಿನ ಉದ್ದ ಹಗಲು ಅದರ ಹತ್ತಿರ ಹತ್ತಿರ ಎರಡರಷ್ಟು. ಬೆಂಗಳೂರಿನಲ್ಲಿ ಗಿಡ್ಡ ಹಗಲಿಗೂ ಉದ್ದ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಒಂದೂವರೆ ಗಂಟೆ ಜಾಸ್ತಿ ಕತ್ತಲಾಯಿತು ಅಂತ ಯಾರಾದರೂ ಇಷ್ಟೆಲ್ಲ ಏರ್ಪಾಡು ಮಾಡುತ್ತಾರಾ? ಕತ್ತಲೆಯ ಉತ್ತರವನ್ನು ನಾವು ಅವರಿಂದ ಸಾಲ ತಂದಿದ್ದೇವೆ ಅಂತ ನನ್ನ ಅನಿಸಿಕೆ.

ನಮ್ಮ ಚಳಿಗಾಲ ಸುಗ್ಗಿಯ ಕಾಲ. ರಾಗಿ ಕೊಯ್ಲಾಗುತ್ತದೆ, ಭತ್ತ ಬರುತ್ತದೆ, ತೊಗರಿ ಬರುತ್ತದೆ, ಅವರೆ ಸೊಗಡು ಊರಿಗೆಲ್ಲ ಹಬ್ಬುತ್ತದೆ. ಉತ್ತರದ ಎರೆ ಹೊಲಗಳಲ್ಲಿ ಬಿಳಿಜೋಳ ತೆನೆ ಕಟ್ಟಿ ನಿಂತಿರುತ್ತದೆ. ವರ್ಷದಲ್ಲಿ ಮನೆ ತುಂಬಿರುವುದು ಈ ಎರಡು ಮೂರು ತಿಂಗಳು ಮಾತ್ರ. ಖಾಲಿ ಮನೆಯನ್ನು ಯಾರು ತಿರುಗಿ ನೋಡುತ್ತಾರೆ? ತುಂಬಿದ ಮನೆ ಮೇಲೆ ಎಲ್ಲರ ಕಣ್ಣು. ನಮ್ಮವರ ಚಳಿಗಾಲದ ದಿಗಿಲು ಆ ಕಣ್ಣಿನದ್ದು ಅಂತ ಹೇಳೋಕೆ ನಾನಿಲ್ಲಿ ನಿಂತಿದ್ದೇನೆ.

ಇದಕ್ಕೆ ಸಾಕ್ಷಿ ಬೇಕಾದರೆ ಕಾಳು ಒಕ್ಕುವ ಕಣಕ್ಕೆ ಹೋಗಬೇಕು. ಮನೆ ಕಾಯುವ ಕೆಲಸ ಶುರುವಾಗುವುದು ಮನೆಯಲ್ಲಲ್ಲ, ಕಣದಲ್ಲಿ.

ಇಲ್ಲಿರುವ ಹುಡುಗರು ಕಣ ನೋಡಿರಲಿಕ್ಕಿಲ್ಲ. ಈಗ ಯಂತ್ರ ಬಂದು ಹೊಲದಲ್ಲೇ ಕೊಯ್ದು, ಬಡಿದು, ಮೂಟೆಗೆ ತುಂಬಿಸಿ ಹೋಗುತ್ತದೆ. ಇಲ್ಲದಿದ್ದರೆ ರಾಗಿ, ಹುರುಳಿಯನ್ನು ಡಾಂಬರು ರಸ್ತೆಗೆ ಹರವುತ್ತೇವೆ, ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಆಗ ಹಾಗಿರಲಿಲ್ಲ. ಮೈಸೂರು ಸೀಮೆಯಲ್ಲಿ ಹೊಲದ ಗಟ್ಟಿ ಜಾಗ ನೋಡಿ ಕೆರೆದು, ನೀರು ಚಿಮುಕಿಸಿ, ಗುಂಡು ಎಳೆದು, ಸಗಣಿ ಬಗ್ಗಡ ಬಳಿದು ಒಣಗಿಸುತ್ತಿದ್ದರು. ನಡುವೆ ಮೇಟಿ ಕಂಬ. ಎತ್ತುಗಳು ಅದರ ಸುತ್ತ ತಿರುಗುತ್ತಿದ್ದವು. ಕಣ ಸಿದ್ಧವಾದ ಗಳಿಗೆಯಿಂದ ಅದು ದೇವಸ್ಥಾನ ಇದ್ದ ಹಾಗೆ. ಚಪ್ಪಲಿ ಬಿಟ್ಟೇ ಒಳಗೆ ಕಾಲಿಡಬೇಕು.

ತೂರಿ ಮುಗಿದ ಮೇಲೆ ಕಾಳನ್ನು ರಾಶಿ ಮಾಡುತ್ತಾರೆ. ರಾಶಿಯ ನೆತ್ತಿಗೆ ಸಗಣಿ ಬೆನಕ, ಬೆನಕನಿಗೆ ಗರಿಕೆ, ಹುಚ್ಚೆಳ್ಳು ಹೂ, ತುಂಬೆ ಹೂ. ಮುಂದೆ ಮೊರ, ಕೊಳಗ, ಪೊರಕೆ ಇಟ್ಟು ಪೂಜೆ. ರಾಶಿಯ ಸುತ್ತ ಬೂದಿಯಲ್ಲಿ ಒಂದು ಗೆರೆ. ಆ ಗೆರೆ ದಾಟಿ ಯಾವ ಪೀಡೆಯೂ ಬರಬಾರದು, ರಾಶಿಯ 'ಹುಲುಸು' ಆಚೆ ಹೋಗಬಾರದು. ಈ ಹುಲುಸು ಅನ್ನುವುದನ್ನು ಗಮನಿಸಿ. ಕಾಳು ಕದ್ದರೆ ಕಾಳು ಮಾತ್ರ ಹೋಗುತ್ತದೆ. ಹುಲುಸು ಹೋದರೆ ಮೂಟೆ ಮೂಟೆ ಇದ್ದರೂ ಯುಗಾದಿಗೆ ಮುಂಚೆಯೇ ಕಣಜದ ತಳ ಕಾಣುತ್ತದೆ.

ಈಗ ನನಗೆ ಬಹಳ ಇಷ್ಟವಾದ ಒಂದು ವಸ್ತು. ರಾಶಿ ರಾತ್ರಿ ಕಣದಲ್ಲೇ ಉಳಿಯಬೇಕಾಗಿ ಬಂದರೆ ಅದರ ಮೈಮೇಲೆ ಮುದ್ರೆ ಒತ್ತುತ್ತಿದ್ದರು. ಅಂಗೈ ಅಗಲದ ಮರದ ತುಂಡು, ಹಿಂದೆ ಒಂದು ಹಿಡಿ, ಮುಂದೆ ಕೆತ್ತಿದ ಅಕ್ಷರ, ಸೂರ್ಯ ಚಂದ್ರ ಅಥವಾ ಮನೆದೇವರ ಗುರುತು. ರಾಶಿಯ ಮೇಲೆ ಅಲ್ಲಲ್ಲಿ ಬೂದಿಯನ್ನೋ ಒದ್ದೆ ಮಣ್ಣನ್ನೋ ಹಾಕಿ ಅದರ ಮೇಲೆ ಒತ್ತುತ್ತಾರೆ. ಎಲ್ಲೋ ಒಂದು ಕಡೆ ಯಾರಾದರೂ ಒಂದು ಬೊಗಸೆ ಕಾಳು ಎತ್ತಿದರೂ ಸಾಕು, ಮೇಲಿನ ಕಾಳು ಜಾರುತ್ತದೆ, ಗುರುತು ಸೀಳುತ್ತದೆ. ಬೆಳಗ್ಗೆ ಬಂದವನು ಮೊದಲು ನೋಡುವುದು ಅದನ್ನೇ. ಬೆಳೆಯಲ್ಲೇ ಕಂದಾಯದ ಪಾಲು ಕೊಡುತ್ತಿದ್ದ ಕಾಲದಲ್ಲಿ ಪಾಲಾಗುವ ತನಕ ರಾಶಿಗೆ ಸರ್ಕಾರದ ಮುದ್ರೆಯೂ ಬೀಳುತ್ತಿತ್ತು, ರೈತನೇ ಕದ್ದಾನು ಅಂತ!

ಇದು ಮಂತ್ರವೋ ಬೀಗವೋ? ಮುದ್ರೆಯಲ್ಲಿ ದೇವರ ಗುರುತಿದೆ, ಒತ್ತುವಾಗ ಕೈ ಮುಗಿಯುತ್ತಾರೆ, ಭೂತ ಪ್ರೇತಗಳಿಗೂ ಅದೇ ಕಾವಲು. ಆದರೆ ಅದು ಹಿಡಿದುಕೊಡುವುದು ಮನುಷ್ಯರನ್ನು. ಭೂತಕ್ಕೂ ಕಳ್ಳನಿಗೂ ನಮ್ಮವರು ಎರಡೆರಡು ಬೀಗ ಮಾಡಿಸಲಿಲ್ಲ, ಒಂದರಲ್ಲೇ ಮುಗಿಸಿದರು.

ಅಳೆಯುವಾಗಲೂ ಹೀಗೇ. ಕೊಳಗದಲ್ಲಿ ಮೊದಲನೆಯದನ್ನು 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಲಾಭ, ಎರಡು, ಮೂರು ಅಂತ ಎಣಿಕೆ ಹೋಗುತ್ತದೆ. ಕಣದಲ್ಲಿ 'ಸಾಕು' ಅನ್ನಬಾರದು, 'ಇಲ್ಲ' ಅನ್ನಬಾರದು, 'ಮುಗೀತು' ಅಂತೂ ಅನ್ನಲೇಬಾರದು. ನಾವೀಗಲೂ ಬಳೆ ಒಡೆದರೆ 'ಹೆಚ್ಚಿತು' ಅನ್ನುತ್ತೇವೆ, ಮನೆಯಿಂದ ಹೊರಡುವಾಗ 'ಹೋಗಿ ಬರ್ತೀನಿ' ಅನ್ನುತ್ತೇವೆ. ಅದೆಲ್ಲ ಇದೇ ಜಾತಿಯ ಮಾತು.

ಕಣದ ಇನ್ನೊಂದು ಸಂಗತಿಯನ್ನು ಜನಪದ ಆಚರಣೆ ಅಂತ ಪುಸ್ತಕ ಬರೆಯುವವರು ಬಿಟ್ಟೇ ಬಿಡುತ್ತಾರೆ. ಕಾಳು ಮನೆಗೆ ಹೋಗುವ ಮುಂಚೆ ಅಲ್ಲೇ ಹಂಚಿಕೆ ಆಗುತ್ತಿತ್ತು. ಬಡಗಿ, ಕಮ್ಮಾರ, ಅಗಸ, ಕ್ಷೌರಿಕ, ತಳವಾರ, ತೋಟಿ, ಹೀಗೆ ಆಯಗಾರರೆಲ್ಲ ಬಂದು ತಮ್ಮ ಆಯ, ಅಂದರೆ ಊರಿಗೆ ಮಾಡಿದ ಕೆಲಸಕ್ಕೆ ಸಲ್ಲುವ ಪಾಲು, ತಗೊಂಡು ಹೋಗುತ್ತಿದ್ದರು. ಎತ್ತಿನ ಮೇಲೆ ಕೂತು ಹೆಳವರು ಬಂದು ನಿಮ್ಮ ವಂಶದ ಹೆಸರುಗಳನ್ನು ಹೇಳುತ್ತಿದ್ದರು. ನಸುಕಿನಲ್ಲಿ ಬುಡುಬುಡಿಕೆಯವರು ಬಂದು ಹಾಲಕ್ಕಿ ಅನ್ನುವ ಶಕುನದ ಹಕ್ಕಿ ಏನು ನುಡಿಯಿತು ಅಂತ ಹೇಳಿ, ಮನೆಗೆ ಬಂದಿರುವ ಕಂಟಕವನ್ನೂ ಅದಕ್ಕೆ ಪರಿಹಾರವನ್ನೂ ಒಟ್ಟಿಗೇ ಕೊಡುತ್ತಿದ್ದರು. ಇವರೆಲ್ಲ ಸುಗ್ಗಿಯಲ್ಲೇ ಯಾಕೆ ಬರುತ್ತಾರೆ ಅಂತ ಕೇಳಿದರೆ ನಗು ಬರುತ್ತದೆ. ಖಾಲಿ ಕಣಜದ ಮನೆಗೆ ಕಂಟಕ ಹೇಳಿ ಏನು ಸಿಗುತ್ತದೆ? ಆದರೆ ಇದರ ಇನ್ನೊಂದು ಮುಖವೂ ಇದೆ. ಹಂಚಿದ ಮೇಲೆ ಕಣ್ಣು ತಣ್ಣಗಾಗುತ್ತದೆ. ಪಾಲು ಸಿಕ್ಕವನ ಕಣ್ಣು ರಾಶಿಗೆ ತಾಗುವುದಿಲ್ಲ. ಬೂದಿ ಗೆರೆಗಿಂತ ಇದು ಗಟ್ಟಿ ಕಾವಲು. ಸಂಕ್ರಾಂತಿಗೆ ಎಳ್ಳು ಬೀರುವುದನ್ನೂ ನಾನು ಇದರ ಜೊತೆಯಲ್ಲೇ ಇಟ್ಟು ನೋಡುತ್ತೇನೆ. ಹೊಸ ಬೆಲ್ಲ, ಹೊಸ ಕಡಲೆಕಾಯಿ, ಹೊಸ ಕಬ್ಬು ಮನೆಗೆ ಬಂದಿದೆ, ಒಂದು ಪೊಟ್ಟಣ ಪಕ್ಕದ ಮನೆಗೂ ಹೋಗಲಿ.

ಒಮ್ಮೆ ಕಾಳು ಹೊಸ್ತಿಲು ದಾಟಿತೋ, ಧಾರಾಳ ಅಲ್ಲಿಗೆ ಮುಗಿಯಿತು. ಆ ದಿನ ಮನೆಯಿಂದ ಏನನ್ನೂ ಆಚೆ ಕೊಡುವುದಿಲ್ಲ. ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ ಕೊಡಬಾರದು ಅನ್ನುವುದನ್ನು ನೀವು ಈಗಲೂ ಪಾಲಿಸುತ್ತೀರಿ, ಅಲ್ವಾ?

ಬಯಲುಸೀಮೆಯಲ್ಲಿ ಕಾಳನ್ನು ಹಗೇವಿಗೆ, ಅಂದರೆ ನೆಲದೊಳಗಿನ ಗುಂಡಿಗೆ ಇಳಿಸುತ್ತಿದ್ದರು. ಹಗೇವಿನ ಬಾಯಿ ತೆರೆದ ಕೂಡಲೇ ಒಳಗೆ ಇಳಿದರೆ ಉಸಿರು ಕಟ್ಟಿ ಸಾಯುತ್ತಾರೆ, ಒಳಗಿನ ಗಾಳಿ ಕೆಟ್ಟಿರುತ್ತದೆ. ಅದಕ್ಕೆ ತೆರೆದು, ಪೂಜೆ ಮಾಡಿ, ಹೊತ್ತು ಕಳೆಯಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಇಂಥದ್ದು ಸಿಕ್ಕ ಕೂಡಲೇ ನಮ್ಮ ವಾಟ್ಸಾಪ್ ಪಂಡಿತರು 'ನೋಡಿ, ಪ್ರತಿ ಆಚರಣೆಯ ಹಿಂದೆಯೂ ವಿಜ್ಞಾನ' ಅಂತ ಶುರು ಮಾಡುತ್ತಾರೆ. ಹಾಗೆ ಹೇಳಬೇಡಿ. ಹಗೇವಿನ ದೀಪದ ಹಿಂದೆ ಅನುಭವದ ತಿಳಿವಳಿಕೆ ಇದೆ. 'ಲಾಭ' ಅಂತ ಎಣಿಸುವುದರ ಹಿಂದೆ ಯಾವ ವಿಜ್ಞಾನವೂ ಇಲ್ಲ, ಆಸೆ ಇದೆ. ಎರಡನ್ನೂ ಒಂದೇ ಮೂಟೆಗೆ ತುಂಬಿದರೆ ಎರಡೂ ಅರ್ಥ ಆಗುವುದಿಲ್ಲ.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ನನ್ನ ಮಾತು ಇನ್ನೂ ಚೆನ್ನಾಗಿ ಕಾಣುತ್ತದೆ. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ, ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಗೊತ್ತು ಮಾಡಿದ ಮುಹೂರ್ತಕ್ಕೆ, ಹುಣ್ಣಿಮೆಯ ಬೆಳಕಿನಲ್ಲಿ ಗದ್ದೆಗೆ ಹೋಗುತ್ತಾರೆ. ಗುಂಡು ಹಾರಿಸಿ, 'ಪೊಲಿ ಪೊಲಿ ದೇವಾ' ಅಂತ ಕೂಗುತ್ತ ಹೊಸ ಕದಿರು ಕೊಯ್ಯುತ್ತಾರೆ. ಹೊರಡುವ ಮುಂಚೆ ಮನೆಯಲ್ಲಿ ನೆರೆ ಕಟ್ಟುವ ಶಾಸ್ತ್ರ. ಅರಳಿ, ಮಾವು ಸೇರಿದಂತೆ ಐದು ಬಗೆಯ ಎಲೆಗಳನ್ನು ಸೇರಿಸಿ ಕಟ್ಟುವುದು. ಆಮೇಲೆ ಆ ಎಲೆಗಳಲ್ಲಿ ಸುತ್ತಿದ ಕದಿರು ಐನ್‌ಮನೆಯ, ಅಂದರೆ ಕುಲದ ಹಿರಿಮನೆಯ, ಕಂಬಕ್ಕೆ, ಬಾಗಿಲಿಗೆ, ಕಣಜಕ್ಕೆ ಏರುತ್ತದೆ. ಪೊಲಿ ಅಂದರೂ ಮೇಲೆ ಹೇಳಿದ ಹುಲುಸೇ. ತುಳುನಾಡಿನಲ್ಲಿ ಬಲೀಂದ್ರನನ್ನು ಕರೆಯುವಾಗಲೂ ಪೊಲಿ ಬರಲಿ ಅನ್ನುತ್ತಾರೆ. ಅಲ್ಲಿ ಹೊಸ ತೆನೆ ತಂದು ಕಟ್ಟುವುದಕ್ಕೆ 'ಇಲ್ಲ್ ದಿಂಜಾವುನಿ', ಮನೆ ತುಂಬಿಸುವುದು, ಅಂತಲೇ ಹೆಸರು.

ತುಳುನಾಡಿನ ಮಾತು ಬಂದಾಗ ಒಂದು ಆಕ್ಷೇಪಕ್ಕೆ ನಾನೇ ಉತ್ತರ ಕೊಡಬೇಕು. ಅಲ್ಲಿ ಮನೆ ಕಾಯಲು ಆಟಿ ಕಳೆಂಜ ಅನ್ನುವ ವೇಷದವನು ಬರುವುದು ಮಳೆಗಾಲದ ನಡುವೆ, ಆಟಿ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟಿನಲ್ಲಿ. ತಾಳೆಗರಿಯ ಕೊಡೆ ತಿರುಗಿಸುತ್ತ ಅಂಗಳದಲ್ಲಿ ಕುಣಿದು, ಅಕ್ಕಿ, ತೆಂಗಿನಕಾಯಿ, ಉಪ್ಪು, ಮೆಣಸು, ಇದ್ದಲು ಪಡೆದು, ಮನೆಯ ಮಾರಿಯನ್ನು ಹೊತ್ತುಕೊಂಡು ಹೋಗುತ್ತಾನೆ. ಆಗ ಕಣಜ ಖಾಲಿ, ಮನೆಯಲ್ಲಿ ಜ್ವರ. ಹಾಗಾದರೆ ಖಾಲಿ ಮನೆಗೂ ಕಾವಲು ಇದೆಯಲ್ಲ? ಇದೆ. ಆದರೆ ಅದರ ಬಗೆ ಬೇರೆ. ಆಟಿಯಲ್ಲಿ ಮಾಡುವುದು ರೋಗವನ್ನು ಹೊರಹಾಕುವ ಕೆಲಸ, ಒಳಗಿನದು ಹೊರಗೆ ಹೋಗಬೇಕು. ಸುಗ್ಗಿಯಲ್ಲಿ ಮಾಡುವುದು ತಡೆಯುವ ಕೆಲಸ, ಹೊರಗಿನದು ಒಳಗೆ ಬರಬಾರದು, ಒಳಗಿನದು ಹೊರಗೆ ಹೋಗಬಾರದು. ಗೆರೆ, ಮುದ್ರೆ, ತೋರಣ, ಹೊಸ್ತಿಲು, ಎಲ್ಲ ತಡೆಯುವ ಸಾಮಾನುಗಳೇ.

ಉತ್ತರದ ಎಳ್ಳಮಾವಾಸ್ಯೆಯನ್ನು ಬಿಟ್ಟರೆ ಕಲಬುರಗಿ, ಬೀದರಿನವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಬೆಳೆ ಇನ್ನೂ ಹೊಲದಲ್ಲಿದೆ. ಅದಕ್ಕೆ ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಕಡುಬು, ಭಜ್ಜಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೇ ಹೋಗುತ್ತಾರೆ. ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರು ಅಂತ ಪೂಜೆ. ಆಮೇಲೆ ಒಬ್ಬ ಅನ್ನದ ಚರಗ ಚೆಲ್ಲುತ್ತ ಮುಂದೆ, ಇನ್ನೊಬ್ಬ ನೀರು ಚಿಮುಕಿಸುತ್ತ ಹಿಂದೆ, 'ಹುಲ್ಲುಲ್ಲಿಗೋ' ಅಂತ ಕೂಗುತ್ತ ಹೊಲದ ಸುತ್ತ ಹೋಗುತ್ತಾರೆ. ಕೂಗಿನ ಮಾತು ಊರೂರಿಗೆ ಬದಲಾಗುತ್ತದೆ. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಬೆಂಗಳೂರಿನವರು ತಪ್ಪು ತಿಳಿಯಬಾರದು. ಆ ಕಾಲದಲ್ಲಿ ಸಿಗುವ ಕಾಳು, ಸೊಪ್ಪು, ತರಕಾರಿ ಎಲ್ಲ ಹಾಕಿ ಕಡಲೆ ಹಿಟ್ಟಿನಲ್ಲಿ ಬೇಯಿಸುವ ಪಲ್ಯ. ಅದೊಂದಕ್ಕಾಗಿ ನಾನು ಎಷ್ಟು ದೂರವಾದರೂ ಹೋಗಬಲ್ಲೆ.

ದೀಪಾವಳಿಯ ಬಗ್ಗೆ ಬೇಗ ಬೇಗ ಹೇಳುತ್ತೇನೆ, ನಿಮಗೆಲ್ಲ ಗೊತ್ತಿರುವುದೇ. ನೀರು ತುಂಬುವ ಹಬ್ಬದ ದಿನ ಬಚ್ಚಲ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಿಂಡ್ಲೆ ಬಳ್ಳಿ ಸುತ್ತುತ್ತಾರೆ. ಮಲೆನಾಡಿನಲ್ಲಿ ಅಂಟಿಗೆ ಪಿಂಟಿಗೆಯವರು ದೇವಸ್ಥಾನದಲ್ಲಿ ಹಚ್ಚಿದ ದೀಪವನ್ನು ಆರದಂತೆ ಕಾಪಾಡಿಕೊಂಡು ರಾತ್ರಿಯೆಲ್ಲ ಮನೆಮನೆಗೆ ಹಾಡುತ್ತ ಬರುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ. ಉತ್ತರ ಕರ್ನಾಟಕದಲ್ಲಿ ದನಗಾಹಿಗಳು ಆಣಿ ಪೀಣಿ ಹಾಡುತ್ತ ಹುಲ್ಲಿನ ದೀವಟಿಗೆ ಹಿಡಿದು ಬಂದು, ದನಗಳ ಪೀಡೆ ಹೊಳೆಯಾಚೆ ಹೋಗಲಿ ಅಂತ ಹರಸುತ್ತಾರೆ. ಇಲ್ಲೂ ಸಗಣಿಯ ಪಾಂಡವರು ಬಾಗಿಲಲ್ಲಿ ಕೂರುತ್ತಾರೆ, ಉತ್ತರಾಣಿ ಕಡ್ಡಿ ಮತ್ತು ಚೆಂಡು ಹೂ ಮುಡಿದು.

ಇನ್ನು ಮಕ್ಕಳ ವಿಷಯ. ತುಂಬಿದ ಮನೆ ಅಂದರೆ ಕಾಳು ಮಾತ್ರವಲ್ಲ, ತೊಟ್ಟಿಲೂ ತುಂಬಿರಬೇಕು. ಸಂಕ್ರಾಂತಿ ಸಂಜೆ ಚಿಕ್ಕ ಮಕ್ಕಳನ್ನು ಮಣೆ ಮೇಲೆ ಕೂರಿಸಿ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು, ಹೂವಿನ ಎಸಳು ಸೇರಿಸಿ ತಲೆ ಮೇಲೆ ಎರೆಯುತ್ತಾರೆ. ಕೆಳಗೆ ಬಿದ್ದದ್ದನ್ನು ಆರಿಸಿಕೊಳ್ಳಲು ಬೀದಿ ಮಕ್ಕಳೆಲ್ಲ ಮುಗಿಬೀಳಬೇಕು. ಮುಗಿಬೀಳದಿದ್ದರೆ ಶಾಸ್ತ್ರ ಸರಿಯಾಗಲಿಲ್ಲ ಅಂತ ಅರ್ಥ. ಮತ್ತೆ ಅದೇ ಲೆಕ್ಕ ನೋಡಿ, ಮಗುವಿನ ಮೈಮೇಲಿಂದ ಇಳಿದದ್ದು ಬೇರೆ ಮಕ್ಕಳ ಬಾಯಿಗೆ ಹೋಗಬೇಕು.

ದಿನನಿತ್ಯದ ದೃಷ್ಟಿ ತೆಗೆಯುವುದನ್ನು ನಮ್ಮ ಸೋದರತ್ತೆ ಮಾಡುತ್ತಿದ್ದ ಹಾಗೆ ಹೇಳುತ್ತೇನೆ. ಎಡಗೈಯಲ್ಲಿ ಮಗುವಿನ ಗಲ್ಲ ಹಿಡಿದು, ಬಲಗೈ ಮುಷ್ಟಿಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ, ಸಾಸಿವೆ, ಪೊರಕೆಯ ಎರಡು ಕಡ್ಡಿ. ಮೂರು ಸಲ ನಿವಾಳಿಸಿ, 'ಊರ ಕಣ್ಣು, ನಾರಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು' ಅಂತ ಸಣ್ಣ ದನಿಯಲ್ಲಿ ಪಟ್ಟಿ ಓದುತ್ತ, ಪಕ್ಕಕ್ಕೆ ತೂ ತೂ ಅಂತ ಉಗಿದಂತೆ ಮಾಡಿ, ಮುಷ್ಟಿಯನ್ನು ಒಲೆಗೆ ಒಗೆಯುತ್ತಿದ್ದರು. ಉಪ್ಪು ಚಟಪಟ ಸಿಡಿಯುತ್ತಿತ್ತು. ಮೆಣಸಿನಕಾಯಿ ಘಾಟು ಬರದಿದ್ದರೆ 'ಅಯ್ಯೋ, ಎಷ್ಟು ದೃಷ್ಟಿ ಆಗಿತ್ತು ನೋಡು' ಅನ್ನೋರು. ಘಾಟು ಬಂದು ಎಲ್ಲರೂ ಕೆಮ್ಮಿದರೆ 'ಸದ್ಯ, ಏನೂ ಆಗಿಲ್ಲ' ಅನ್ನೋರು. ಅತ್ತೆ ಯಾವತ್ತೂ ಸೋತದ್ದಿಲ್ಲ. ಆ ಪಟ್ಟಿಯಲ್ಲಿ ದೆವ್ವದ ಹೆಸರು ಕಡಿಮೆ, ಗಮನಿಸಿ. ಊರವರ ಕಣ್ಣೇ ಮೊದಲು ಬರುತ್ತದೆ. ಮಗುವಿನ ಸ್ವಂತ ತಾಯಿಯ ಕಣ್ಣನ್ನೂ ಕೆಲವರು ಸೇರಿಸುತ್ತಾರೆ, ಪ್ರೀತಿಯಿಂದ ನೋಡಿದರೂ ತಾಗುತ್ತದಂತೆ.

ಮಂಡ್ಯ, ಮೈಸೂರು ಕಡೆಯ ಕಿಚ್ಚು ನೋಡಿರುತ್ತೀರಿ. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹಾರ ಹಾಕಿ, ಹೊತ್ತು ಮುಳುಗುವಾಗ ಉರಿಯುವ ಹುಲ್ಲಿನ ಮೇಲೆ ಹಾಯಿಸುತ್ತಾರೆ. ಮೈಗೆ ಕಚ್ಚಿಕೊಂಡ ಉಣ್ಣೆ, ಹುಳ ಉದುರುತ್ತದೆ ಅಂತ ಒಂದು ವಿವರಣೆ. ಒಂದು ಕ್ಷಣದ ಬೆಂಕಿಗೆ ಉಣ್ಣೆ ಉದುರುತ್ತದಾ, ನನಗೆ ನಂಬಿಕೆ ಇಲ್ಲ. ಅಷ್ಟು ಸಿಂಗಾರ ಮಾಡಿಸಿಕೊಂಡು ಊರ ನಡುವೆ ಮೆರವಣಿಗೆ ಹೋದ ಎತ್ತಿನ ಮೇಲೆ ಎಷ್ಟು ಜನರ ಕಣ್ಣು ಬಿದ್ದಿರುತ್ತದೆ! ಅತ್ತೆಯ ಮುಷ್ಟಿ ಒಲೆಗೆ ಹೋದಂತೆ ಇಲ್ಲಿ ಎತ್ತೇ ಬೆಂಕಿ ದಾಟಿ ಕೊಟ್ಟಿಗೆಗೆ ಹೋಗುತ್ತದೆ.

ಒಂದು ಕಹಿ ಮಾತನ್ನೂ ಹೇಳಿಬಿಡಬೇಕು. ತೆಗೆದ ದೃಷ್ಟಿ, ಓಡಿಸಿದ ಮಾರಿ ಎಲ್ಲಿಗೆ ಹೋಗುತ್ತದೆ? ಮೂರು ದಾರಿ ಕೂಡುವ ಕಡೆ ಇಡುತ್ತೇವೆ, ಮೊದಲು ದಾಟಿದವನಿಗೆ ತಗುಲಲಿ ಅಂತ. ಊರ ಮಾರಿಯನ್ನು ಗಡಿಯಾಚೆಗೆ ಬಿಡುತ್ತೇವೆ, ಆಚೆ ಇನ್ನೊಂದು ಊರಿದೆ. ಅದನ್ನೆಲ್ಲ ಹೊತ್ತುಕೊಂಡು ಹೋಗುವ ಕೆಲಸ ಯಾರ ಪಾಲಿಗೆ ಬಂತು? ಊರ ಹೊರಗೆ ಇಟ್ಟ ಜನರ ಪಾಲಿಗೆ. ನಮ್ಮ ಮನೆಯ ಪೀಡೆ ಪಡೆದುಕೊಂಡವರಿಗೆ ನಾವು ಕೊಟ್ಟದ್ದು ಒಂದು ಮೊರ ಅಕ್ಕಿ ಮತ್ತು ಅಂಗಳದ ಆಚೆ ನಿಲ್ಲುವ ಜಾಗ. ಜನಪದ ಅಂದ ಕೂಡಲೇ ಎಲ್ಲವನ್ನೂ ಹಾಡಿ ಹೊಗಳುವವರು ಈ ಲೆಕ್ಕ ಬರೆಯುವುದಿಲ್ಲ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಕಣದಲ್ಲಿ ಆಗಿದ್ದರೆ ಹೀಗೆ ಹೇಳುವಂತಿರಲಿಲ್ಲ. ಪ್ರಶ್ನೆ ಕೇಳಿ.

ಹಿಂದಿನ ಸಾಲಿನ ಒಬ್ಬ ಯುವಕ: ಸಾರ್, ಇದೆಲ್ಲ ಮೂಢನಂಬಿಕೆ ಅಲ್ವಾ? ಕಾನೂನು ಬಂದಿದೆಯಲ್ಲ?

ಕಾನೂನು ಇದೆಯಪ್ಪ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕಾಯ್ದೆಯನ್ನು ನಮ್ಮ ವಿಧಾನಮಂಡಲ 2017ರಲ್ಲಿ ಒಪ್ಪಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ಎಂಜಲೆಲೆ ಮೇಲೆ ಉರುಳುವ ಮಡೆಸ್ನಾನದಂಥವು ಅದರಲ್ಲಿ ಬರುತ್ತವೆ. ನಿಮ್ಮಮ್ಮ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರೆ ಪೊಲೀಸರು ಬರುವುದಿಲ್ಲ. ನಾನು ನೋಡುವುದು ಇಷ್ಟೇ, ಆಚರಣೆಯಿಂದ ಯಾರ ಮೈಗೆ, ಯಾರ ಮಾನಕ್ಕೆ ಪೆಟ್ಟು ಬೀಳುತ್ತದೆ ಅಂತ. ರಾಶಿಗೆ ಬೂದಿ ಗೆರೆ ಎಳೆದರೆ ಯಾರಿಗೂ ನೋವಿಲ್ಲ. ಆಯುಧಪೂಜೆ ದಿನ ನಡುರಸ್ತೆಯಲ್ಲಿ ಕುಂಬಳಕಾಯಿ ಒಡೆದು ಹಾಗೇ ಬಿಟ್ಟು ಹೋದರೆ ಹಿಂದೆ ಬರುವ ಬೈಕಿನವನ ಕಾಲು ಮುರಿಯುತ್ತದೆ. ನಿಮ್ಮ ಗಾಡಿಯ ದೃಷ್ಟಿ ನಿಜವಾಗಿಯೂ ಇನ್ನೊಬ್ಬನಿಗೆ ತಗುಲಿತು, ಮಂತ್ರ ಫಲಿಸಿತು ಅಂತ ಬೇಕಾದರೆ ಹೇಳಬಹುದು.

ಒಬ್ಬ ತಾಯಿ: ನಮ್ಮದು ಏಳನೇ ಮಹಡಿಯ ಫ್ಲ್ಯಾಟು. ಕಣವೂ ಇಲ್ಲ, ರಾಶಿಯೂ ಇಲ್ಲ. ಆದರೂ ಬೂದುಗುಂಬಳ ಕಟ್ಟಿದ್ದೀವಿ. ಯಾಕೆ ಕಟ್ಟಬೇಕು?

ಅಮ್ಮಾ, ಮೊದಲು ಬೂದುಗುಂಬಳವೇ ಯಾಕೆ ಅಂತ ಹೇಳುತ್ತೇನೆ. ಅದರ ಮೈಮೇಲೆ ಬೂದಿ ಬಳಿದಂತೆ ಮೇಣದ ಪುಡಿ ಇರುತ್ತದಲ್ಲ, ಅದರಿಂದ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಹಳ್ಳಿ ಮನೆಗಳಲ್ಲಿ ಚಳಿಗಾಲದ ಕಾಯಿಯನ್ನು ಬೇಸಿಗೆಯ ಮಜ್ಜಿಗೆ ಹುಳಿಗೆ ಅಂತ ಹಗ್ಗ ಕಟ್ಟಿ ಜಂತಿಗೆ ನೇತು ಹಾಕುವುದು ಇದ್ದೇ ಇತ್ತು. ಬಾಗಿಲಿಗೆ ಕಟ್ಟಿದ್ದು ಕೊಳೆತರೆ ದೃಷ್ಟಿ ಎಳೆದುಕೊಂಡಿತು ಅಂತ ಅಮಾವಾಸ್ಯೆಗೆ ಬದಲಾಯಿಸುತ್ತೀರಿ. ಇನ್ನು ನಿಮ್ಮ ಮನೆಯಲ್ಲಿ ರಾಶಿ ಇಲ್ಲ ಅಂತ ನಾನು ಒಪ್ಪುವುದಿಲ್ಲ. ಹೊಸ ಫ್ಲ್ಯಾಟಿನ ಗೃಹಪ್ರವೇಶದ ಫೋಟೋ ಎಲ್ಲರಿಗೂ ಕಳಿಸಿರುತ್ತೀರಿ. ಮಗುವಿನ ಫೋಟೋ ಹಾಕುವ ಮುಂಚೆ ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟಿರುತ್ತೀರಿ. ಮಗನ ಸಂಬಳ ಎಷ್ಟು ಅಂತ ಪಕ್ಕದವರು ಕೇಳಿದರೆ 'ಏನೋ ನಡೀತಿದೆ' ಅನ್ನುತ್ತೀರಿ, ಹೌದಾ? ಕೊಳಗದಲ್ಲಿ 'ಒಂದು' ಅನ್ನದವರ ಮೊಮ್ಮಕ್ಕಳು ನೀವು. ಕುಂಬಳಕಾಯಿ ಬೇಕೋ ಬೇಡವೋ ನಿಮ್ಮ ಇಷ್ಟ. ಕಟ್ಟುವುದಾದರೆ ಹಗ್ಗ ಗಟ್ಟಿ ಇದೆಯಾ ಅಂತ ನೋಡಿ. ಏಳೆಂಟು ಕಿಲೋ ತೂಗುತ್ತದೆ, ಬಾಗಿಲು ತೆಗೆದವರ ತಲೆ ಮೇಲೆ ಬಿದ್ದೀತು.

ಹೊರಡುವ ಮುಂಚೆ ನನ್ನದೊಂದು ಕೋರಿಕೆ. ಸಂಕ್ರಾಂತಿಗೆ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಹಳೇ ಕೊಳಗ, ಸೇರು, ಮೊರದ ಜೊತೆ ಹಿಡಿ ಇರುವ ಒಂದು ಮರದ ತುಂಡು ಸಿಕ್ಕರೆ ಸೌದೆ ಅಂತ ಒಲೆಗೆ ಹಾಕಬೇಡಿ. ತಿರುಗಿಸಿ ನೋಡಿ, ಅಕ್ಷರ ಕೆತ್ತಿದ್ದರೆ ಅದು ರಾಶಿ ಮುದ್ರೆ. ಅಕ್ಷರ ತಿರುಗುಮುರುಗಾಗಿ ಕಾಣುತ್ತದೆ, ಒದ್ದೆ ಮಣ್ಣಿಗೆ ಒತ್ತಿದರೆ ಸರಿಯಾಗುತ್ತದೆ. ಫೋಟೋ ತೆಗೆದು ಇಲ್ಲಿ ಗ್ರಂಥಾಲಯದಲ್ಲಿ ಕೊಡಿ. ಮನೆಯಲ್ಲಿ ಹಿರಿಯರಿದ್ದರೆ ಕಣದಲ್ಲಿ ಯಾವ ಯಾವ ಮಾತು ಆಡಬಾರದಿತ್ತು, ಅದರ ಬದಲು ಏನು ಅನ್ನುತ್ತಿದ್ದರು ಅಂತ ಕೇಳಿ ಬರೆದುಕೊಂಡು ಬನ್ನಿ. ಹೊರಗೆ ಕಾಫಿ ಇಟ್ಟಿದ್ದಾರೆ, ತಣ್ಣಗಾಗುವ ಮುಂಚೆ ಕುಡಿಯೋಣ.